ಕಚ್ಚಾತೈಲ ಇಳಿದರೂ ಡೀಸೆಲ್ ಏಕೆ ಇಳಿಯುವುದಿಲ್ಲ? – ವರ್ತಕರು ಅರಿತಿರಬೇಕಾದ ಬೆಲೆ ಲೆಕ್ಕ

ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಕಚ್ಚಾತೈಲದ ಬೆಲೆ ಕುಸಿಯಿತೆಂಬ ಸುದ್ದಿ ಪ್ರಕಟವಾದಾಗಲೆಲ್ಲ ವರ್ತಕ ಸಮುದಾಯದಲ್ಲಿ ಒಂದು ನಿರೀಕ್ಷೆ ಮೂಡುವುದು ಸಹಜ. ಡೀಸೆಲ್ ಅಗ್ಗವಾದರೆ ಲಾರಿ ಬಾಡಿಗೆ ಇಳಿಯುತ್ತದೆ, ಬಾಡಿಗೆ ಇಳಿದರೆ ಸರಕಿನ ಅಸಲು ಇಳಿಯುತ್ತದೆ ಎಂಬುದು ಆ ನಿರೀಕ್ಷೆ. ಆದರೆ ಪೆಟ್ರೋಲ್ ಬಂಕಿನ ದರಫಲಕದಲ್ಲಿ ಅಂಕಿಗಳು ಅಲುಗಾಡುವುದೇ ಇಲ್ಲ, ಅಥವಾ ಪೈಸೆಗಳ ಲೆಕ್ಕದಲ್ಲಿ ಅಲುಗಾಡುತ್ತವೆ.

ನ್ಯಾಮತಿಯಂಥ ಪಟ್ಟಣಕ್ಕೆ ಇದು ಕೇವಲ ಪುಸ್ತಕದ ಪ್ರಶ್ನೆಯಲ್ಲ. ಇಲ್ಲಿಯ ಮೆಕ್ಕೆಜೋಳ, ಭತ್ತ ಮತ್ತು ಅಡಿಕೆ ಶಿವಮೊಗ್ಗ, ದಾವಣಗೆರೆ ಮಾರುಕಟ್ಟೆಗಳನ್ನು ಸೇರುವುದೂ, ಗೊಬ್ಬರ, ಸಿಮೆಂಟ್, ಕಿರಾಣಿ ಸಾಮಾನು ಊರೊಳಗೆ ಬರುವುದೂ ಬಹುಪಾಲು ಲಾರಿಗಳ ಮೇಲೆಯೇ. ಆದ್ದರಿಂದ ತೈಲದ ಬೆಲೆ ಇಳಿದಾಗ ಆ ಲಾಭ ದಾರಿಯಲ್ಲಿ ಎಲ್ಲೆಲ್ಲಿ ಉಳಿದುಕೊಳ್ಳುತ್ತದೆ ಎಂಬುದನ್ನು ನಮ್ಮ ಸದಸ್ಯರು ತಿಳಿದಿರುವುದು ಅವಶ್ಯ.

ಬೆಲೆಯ ನಾಲ್ಕು ಪದರಗಳು

ಬಂಕಿನಲ್ಲಿ ನಾವು ಕೊಡುವ ಒಂದು ಲೀಟರ್ ಡೀಸೆಲ್ ಬೆಲೆಯಲ್ಲಿ ನಾಲ್ಕು ಪದರಗಳಿವೆ. ಮೊದಲನೆಯದು ತೈಲ ಕಂಪನಿಯು ವಿಧಿಸುವ ಮೂಲ ಬೆಲೆ. ಇದನ್ನು ಕಚ್ಚಾತೈಲದ ದರದಿಂದ ನೇರವಾಗಿ ಲೆಕ್ಕ ಹಾಕುವುದಿಲ್ಲ; ಸಂಸ್ಕರಿಸಿದ ಡೀಸೆಲ್ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಯಾವ ದರಕ್ಕೆ ಮಾರಾಟವಾಗುತ್ತದೆ ಎಂಬುದೇ ಆಧಾರ. 2006ರಿಂದ ಅನುಸರಿಸಿದ ಸೂತ್ರದಲ್ಲಿ ಆಮದು ದರಕ್ಕೆ ಶೇ. 80 ಮತ್ತು ರಫ್ತು ದರಕ್ಕೆ ಶೇ. 20ರಷ್ಟು ತೂಕವಿದೆ. ಆದ್ದರಿಂದ ಕಚ್ಚಾತೈಲ ಇಳಿದರೂ ಡೀಸೆಲ್‌ಗೆ ಜಾಗತಿಕ ಬೇಡಿಕೆ ಹೆಚ್ಚಿದ್ದರೆ ಮೂಲ ಬೆಲೆ ಅಷ್ಟೇ ಪ್ರಮಾಣದಲ್ಲಿ ಇಳಿಯದು.

ಎರಡನೆಯದು ಕೇಂದ್ರದ ಅಬಕಾರಿ ಸುಂಕ. ಇದು ಲೀಟರಿಗೆ ಇಂತಿಷ್ಟು ರೂಪಾಯಿ ಎಂದು ನಿಗದಿಯಾದದ್ದು. ತೈಲ ಅಗ್ಗವಾದರೂ ತುಟ್ಟಿಯಾದರೂ ಅದು ತಾನಾಗಿ ಬದಲಾಗದು. ಮೂರನೆಯದು ವಿತರಕರ ಕಮಿಷನ್ ಹಾಗೂ ಡಿಪೋದಿಂದ ಬಂಕಿನವರೆಗಿನ ಸಾಗಣೆ ವೆಚ್ಚ. ಊರಿಂದೂರಿಗೆ ದರ ಸ್ವಲ್ಪ ಬೇರೆಯಾಗುವುದಕ್ಕೆ ಇದೇ ಕಾರಣ. ನಾಲ್ಕನೆಯದು ರಾಜ್ಯದ ಮಾರಾಟ ತೆರಿಗೆ. ಇದು ಶೇಕಡಾವಾರು, ಅಬಕಾರಿ ಸುಂಕವನ್ನೂ ಸೇರಿಸಿದ ಬೆಲೆಯ ಮೇಲೆ ಬೀಳುತ್ತದೆ. ಅಂದರೆ ತೆರಿಗೆಯ ಮೇಲೂ ತೆರಿಗೆ.

ಒಂದು ಡಾಲರಿನ ಲೆಕ್ಕ

ಒಂದು ಬ್ಯಾರೆಲ್ ಎಂದರೆ ಸುಮಾರು 159 ಲೀಟರ್. ಡಾಲರಿಗೆ 85 ರೂ. ಎಂದು ಹಿಡಿದರೆ, ಬ್ಯಾರೆಲ್ಲಿಗೆ ಒಂದು ಡಾಲರ್ ಇಳಿಕೆ ಎಂದರೆ ಲೀಟರಿಗೆ ಸುಮಾರು 53 ಪೈಸೆ ಇಳಿಕೆ. ಹತ್ತು ಡಾಲರ್ ಇಳಿದರೆ ಸುಮಾರು 5 ರೂ. 30 ಪೈಸೆ.

ಇದನ್ನು 2025ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ತೆರಿಗೆ ದರಗಳಿಗೆ ಅನ್ವಯಿಸಿ ನೋಡೋಣ. ಡೀಸೆಲ್ಲಿನ ಮೇಲೆ ಕೇಂದ್ರದ ಸುಂಕ 17.80 ರೂ., ಕರ್ನಾಟಕದ ಮಾರಾಟ ತೆರಿಗೆ ಶೇ. 21.17. ಲೆಕ್ಕದ ಸರಳತೆಗಾಗಿ ಕಮಿಷನ್ನನ್ನೂ ಸೇರಿಸಿ ಮೂಲ ಬೆಲೆ 57 ರೂ. ಎಂದಿಟ್ಟುಕೊಂಡರೆ, ಸುಂಕ ಸೇರಿ 74.80, ತೆರಿಗೆ ಸೇರಿ ಸುಮಾರು 90.60 ರೂ. ಈಗ ಕಚ್ಚಾತೈಲ 75 ಡಾಲರಿನಿಂದ 65ಕ್ಕೆ ಇಳಿದು, ಆ ಇಳಿಕೆ ಪೂರ್ಣವಾಗಿ ವರ್ಗಾವಣೆಯಾಯಿತೆನ್ನಿ. ಮೂಲ ಬೆಲೆ 51.70 ಆಗುತ್ತದೆ, ಅಂತಿಮ ಬೆಲೆ ಸುಮಾರು 84.20 ರೂ. ಕಚ್ಚಾತೈಲ ಶೇ. 13ರಷ್ಟು ಇಳಿದರೆ ಬಂಕಿನ ದರ ಇಳಿಯುವುದು ಶೇ. 7ರಷ್ಟು ಮಾತ್ರ. ಯಾರೂ ಏನನ್ನೂ ಹಿಡಿದಿಟ್ಟುಕೊಳ್ಳದಿದ್ದರೂ ಇಷ್ಟೇ. ನಿಗದಿತ ಸುಂಕವು ಏರಿಕೆಯ ಹೊಡೆತವನ್ನು ತಗ್ಗಿಸುವಂತೆಯೇ ಇಳಿಕೆಯ ಲಾಭವನ್ನೂ ತಗ್ಗಿಸುತ್ತದೆ.

ಇದರ ಜೊತೆಗೆ ರೂಪಾಯಿಯ ಮೌಲ್ಯವೂ ಸೇರಬೇಕು. ಭಾರತವು ತನಗೆ ಬೇಕಾದ ಕಚ್ಚಾತೈಲದ ಶೇ. 85ಕ್ಕೂ ಹೆಚ್ಚು ಭಾಗವನ್ನು ಆಮದು ಮಾಡಿಕೊಳ್ಳುತ್ತದೆ. ಡಾಲರಿಗೆ 60 ರೂ. ಇದ್ದಾಗ ಬ್ಯಾರೆಲ್ಲಿನ ಒಂದು ಡಾಲರ್ ಎಂದರೆ ಲೀಟರಿಗೆ 38 ಪೈಸೆ, 85 ರೂ. ಆದಾಗ 53 ಪೈಸೆ. ರೂಪಾಯಿ ಕುಸಿದರೆ ತೈಲದ ಇಳಿಕೆಯ ಒಂದು ಪಾಲು ಬಂದರಿನಲ್ಲಿಯೇ ಕರಗುತ್ತದೆ.

ಹಿಂದಿನ ಮೂರು ಇಳಿಕೆಗಳು ಕಲಿಸಿದ್ದು

ಪೆಟ್ರೋಲ್ ಬೆಲೆಯನ್ನು 2010ರ ಜೂನ್‌ನಲ್ಲಿ, ಡೀಸೆಲ್ ಬೆಲೆಯನ್ನು 2014ರ ಅಕ್ಟೋಬರ್‌ನಲ್ಲಿ ಸರ್ಕಾರದ ನಿಯಂತ್ರಣದಿಂದ ಮುಕ್ತಗೊಳಿಸಲಾಯಿತು. 2017ರ ಜೂನ್ 16ರಿಂದ ದೇಶಾದ್ಯಂತ ಪ್ರತಿದಿನ ಬೆಳಿಗ್ಗೆ 6 ಗಂಟೆಗೆ ದರ ಪರಿಷ್ಕರಿಸುವ ಪದ್ಧತಿ ಬಂದಿತು. ಮಾರುಕಟ್ಟೆ ಇಳಿದರೆ ಬೆಲೆಯೂ ಇಳಿಯುತ್ತದೆ ಎಂಬುದೇ ಇದರ ತತ್ವ. ಆಚರಣೆ ಹೇಗಿತ್ತೆಂಬುದನ್ನು ಗಮನಿಸಬೇಕು.

ಮೊದಲನೆಯ ಇಳಿಕೆ 2014-16ರದು. ಅಮೆರಿಕದ ಶೇಲ್ ತೈಲ ಮಾರುಕಟ್ಟೆಗೆ ಹರಿದುಬಂದಿತು. ಒಪೆಕ್ ರಾಷ್ಟ್ರಗಳು 2014ರ ನವೆಂಬರ್‌ನಲ್ಲಿ ಉತ್ಪಾದನೆ ತಗ್ಗಿಸಲು ಒಪ್ಪಲಿಲ್ಲ. ಭಾರತ ಕೊಳ್ಳುವ ತೈಲದ ಸರಾಸರಿ ದರ 2013-14ರಲ್ಲಿ 105.52 ಡಾಲರ್ ಇದ್ದದ್ದು 2015-16ರಲ್ಲಿ 46.17 ಡಾಲರಿಗೆ ಬಂದಿತು. ರೂಪಾಯಿ ಲೆಕ್ಕದಲ್ಲಿ ಲೀಟರ್ ಕಚ್ಚಾತೈಲ ಸುಮಾರು 40 ರೂ.ಗಳಿಂದ 19 ರೂ.ಗಳಿಗೆ ಇಳಿಯಿತು. ಅದೇ ಅವಧಿಯಲ್ಲಿ, 2014ರ ನವೆಂಬರ್‌ನಿಂದ 2016ರ ಜನವರಿಯವರೆಗೆ, ಕೇಂದ್ರವು ಒಂಬತ್ತು ಬಾರಿ ಸುಂಕ ಏರಿಸಿತು. ಪೆಟ್ರೋಲಿನ ಸುಂಕ 9.48 ರೂ.ಗಳಿಂದ 21.48ಕ್ಕೆ, ಡೀಸೆಲ್ಲಿನದು 3.56ರಿಂದ 17.33ಕ್ಕೆ ಮುಟ್ಟಿತು. ಅಂದರೆ ಕಚ್ಚಾತೈಲದಲ್ಲಿ ಉಳಿದ ಸುಮಾರು 21 ರೂ.ಗಳಲ್ಲಿ ಡೀಸೆಲ್ಲಿನ ಮಟ್ಟಿಗೆ ಮೂರನೇ ಎರಡು ಭಾಗ ಬೊಕ್ಕಸಕ್ಕೆ ಸಂದಿತು. ಬಳಕೆದಾರನಿಗೆ ದೊರೆತದ್ದು ಉಳಿದ ಭಾಗ.

ಎರಡನೆಯದು 2020ರ ಕೋವಿಡ್ ಕಾಲದ್ದು. ಆ ವರ್ಷದ ಏಪ್ರಿಲ್‌ನಲ್ಲಿ ಭಾರತದ ಸರಾಸರಿ ಖರೀದಿ ದರ 19.90 ಡಾಲರಿಗೆ ಕುಸಿದು, ಲೀಟರ್ ಕಚ್ಚಾತೈಲ ಹತ್ತು ರೂಪಾಯಿಗಿಂತ ಅಗ್ಗವಾಗಿತ್ತು. ಆದರೆ ಮಾರ್ಚ್ ಮಧ್ಯದಿಂದ ಜೂನ್ ಮೊದಲ ವಾರದವರೆಗೆ 82 ದಿನ ದೈನಂದಿನ ಪರಿಷ್ಕರಣೆಯೇ ನಿಂತಿತ್ತು. ಕೇಂದ್ರವು ಮಾರ್ಚ್‌ನಲ್ಲಿ ಲೀಟರಿಗೆ 3 ರೂ., ಮೇ ತಿಂಗಳಲ್ಲಿ ಪೆಟ್ರೋಲಿಗೆ 10 ಮತ್ತು ಡೀಸೆಲ್ಲಿಗೆ 13 ರೂ. ಸುಂಕ ಏರಿಸಿತು, ಡೀಸೆಲ್ ಸುಂಕ 31.83 ರೂ. ಆಯಿತು. ಕರ್ನಾಟಕವೂ ಆ ಏಪ್ರಿಲ್‌ನಿಂದ ಪೆಟ್ರೋಲಿನ ತೆರಿಗೆಯನ್ನು ಶೇ. 32ರಿಂದ 35ಕ್ಕೆ, ಡೀಸೆಲ್ಲಿನದನ್ನು ಶೇ. 21ರಿಂದ 24ಕ್ಕೆ ಏರಿಸಿತ್ತು. ಲಾಕ್‌ಡೌನಿನಲ್ಲಿ ಇತರ ವರಮಾನ ಬತ್ತಿದ್ದ ಸರ್ಕಾರಗಳಿಗೆ ಇದೊಂದೇ ಸುಲಭ ಮಾರ್ಗವಾಗಿ ಕಂಡಿತು. ತೈಲ ಮತ್ತೆ ಏರಿದಾಗ ಹೆಚ್ಚಿಸಿದ ಸುಂಕ ಅಲ್ಲಿಯೇ ಇತ್ತು. 2021ರ ನವೆಂಬರ್‌ನಲ್ಲಿ ಕೇಂದ್ರವು ಪೆಟ್ರೋಲಿಗೆ 5, ಡೀಸೆಲ್ಲಿಗೆ 10 ರೂ. ಹಾಗೂ ನಮ್ಮ ರಾಜ್ಯವು ಎರಡಕ್ಕೂ 7 ರೂ. ತಗ್ಗಿಸಿದ ಮೇಲೆಯೇ ಸ್ವಲ್ಪ ಉಸಿರಾಡುವಂತಾಯಿತು. 2022ರ ಮೇ ತಿಂಗಳಲ್ಲಿ ಕೇಂದ್ರ ಮತ್ತೊಮ್ಮೆ ಕಡಿತ ಮಾಡಿತು.

ಮೂರನೆಯದರಲ್ಲಿ ತೈಲ ಕಂಪನಿಗಳ ಪಾತ್ರ ಕಾಣುತ್ತದೆ. ಉಕ್ರೇನ್ ಯುದ್ಧದಿಂದ ತೈಲ ಏರಿದ 2022ರಲ್ಲಿ ಕಂಪನಿಗಳು ಏಪ್ರಿಲ್ 6ರ ನಂತರ ದರ ಏರಿಸದೆ ನಷ್ಟ ಹೊತ್ತವು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಮೂರು ಸರ್ಕಾರಿ ಕಂಪನಿಗಳ ಒಟ್ಟು ನಷ್ಟ 21,000 ಕೋಟಿ ರೂ. ಮೀರಿತ್ತು. ಬಳಿಕ ತೈಲ ಇಳಿದಾಗ ಅವು ದರ ಇಳಿಸಲಿಲ್ಲ. 2023-24ರಲ್ಲಿ ಅವೇ ಕಂಪನಿಗಳ ಒಟ್ಟು ಲಾಭ ಸುಮಾರು 81,000 ಕೋಟಿ ರೂ. ಕಂಪನಿಗಳು 2 ರೂ. ಕಡಿತ ಮಾಡಿದ್ದು 2024ರ ಮಾರ್ಚ್‌ನಲ್ಲಿ, ಲೋಕಸಭಾ ಚುನಾವಣೆಯ ಹೊಸ್ತಿಲಲ್ಲಿ. ಜೂನ್‌ನಲ್ಲಿ ರಾಜ್ಯದ ತೆರಿಗೆ ಏರಿಕೆಯಿಂದ ನಮ್ಮಲ್ಲಿ ದರ ಸುಮಾರು 3 ರೂ. ಹೆಚ್ಚಿತು. 2025ರ ಏಪ್ರಿಲ್ 1ರಂದು ರಾಜ್ಯವು ಡೀಸೆಲ್ ತೆರಿಗೆಯನ್ನು ಶೇ. 18.44ರಿಂದ 21.17ಕ್ಕೆ ಒಯ್ದಿತು, ಒಂದೇ ವಾರದ ಅಂತರದಲ್ಲಿ ಕೇಂದ್ರವು 2 ರೂ. ಸುಂಕ ಏರಿಸಿತು. ಅದೇ ದಿನಗಳಲ್ಲಿ ಕಚ್ಚಾತೈಲ ಕುಸಿಯುತ್ತಿತ್ತು! ಆ ತಿಂಗಳ ಮಧ್ಯದಲ್ಲಿ ರಾಜ್ಯದ ಲಾರಿ ಮಾಲೀಕರು ಮುಷ್ಕರ ಹೂಡಿದುದರ ಹಿನ್ನೆಲೆ ಇದೇ.

ಈ ಅಸಮಾನತೆ ನಮ್ಮ ದೇಶಕ್ಕೇ ಸೀಮಿತವಲ್ಲ. ಬ್ರಿಟನ್ನಿನ ಪೆಟ್ರೋಲ್ ಮಾರುಕಟ್ಟೆಯನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞ ರಾಬರ್ಟ್ ಬೇಕನ್ 1991ರಲ್ಲಿ ಇದನ್ನು ರಾಕೆಟ್ಟಿಗೂ ಹಕ್ಕಿಯ ಗರಿಗೂ ಹೋಲಿಸಿದರು: ಬೆಲೆ ಏರುವುದು ರಾಕೆಟ್ಟಿನಂತೆ, ಇಳಿಯುವುದು ಗರಿಯಂತೆ. ನಮ್ಮಲ್ಲಿ ಆ ಗರಿ ಎಷ್ಟೋ ಬಾರಿ ನೆಲ ಮುಟ್ಟುವ ಮೊದಲೇ ತೆರಿಗೆಯ ಗಾಳಿಗೆ ಮತ್ತೆ ಮೇಲೇರುತ್ತದೆ.

ನಮ್ಮ ಬಾಡಿಗೆ ಪಟ್ಟಿಯೂ ಗರಿಯಂತೆಯೇ?

ಸರ್ಕಾರವನ್ನೂ ಕಂಪನಿಗಳನ್ನೂ ಪ್ರಶ್ನಿಸುವ ಮುನ್ನ ವರ್ತಕರಾದ ನಾವು ನಮ್ಮ ಲೆಕ್ಕವನ್ನೂ ನೋಡಿಕೊಳ್ಳುವುದು ಒಳಿತು. ನ್ಯಾಮತಿಯಿಂದ ಬೆಂಗಳೂರಿಗೆ ಹೋಗಿಬರುವ ದಾರಿಯನ್ನು ಸ್ಥೂಲವಾಗಿ 600 ಕಿ.ಮೀ., ಲಾರಿಯ ಮೈಲೇಜನ್ನು ಲೀಟರಿಗೆ 4 ಕಿ.ಮೀ., ಸರಕನ್ನು 160 ಕ್ವಿಂಟಾಲ್ ಎಂದು ಹಿಡಿಯೋಣ. ತಗಲುವ ಡೀಸೆಲ್ 150 ಲೀಟರ್. ದರ ಒಂದು ರೂಪಾಯಿ ಏರಿದರೆ ಹೆಚ್ಚಾಗುವ ಖರ್ಚು 150 ರೂ.; ಕ್ವಿಂಟಾಲಿಗೆ 94 ಪೈಸೆ. ಎರಡು ರೂಪಾಯಿ ಏರಿಕೆಯ ನೆಪದಲ್ಲಿ ಕ್ವಿಂಟಾಲಿಗೆ 20 ರೂ. ಏರಿಸುವುದನ್ನು ಈ ಲೆಕ್ಕ ಸಮರ್ಥಿಸುವುದಿಲ್ಲ.

ಇಳಿಕೆಗೂ ಇದೇ ನ್ಯಾಯ. ಇದೇ ಪ್ರಯಾಣದ ಬಾಡಿಗೆ 24,000 ರೂ., ಡೀಸೆಲ್ ದರ 90 ರೂ. ಇದ್ದರೆ, ಇಂಧನದ ಪಾಲು 13,500 ರೂ. ಡೀಸೆಲ್ 84ಕ್ಕೆ ಇಳಿದರೆ ಉಳಿತಾಯ 900 ರೂ.; ನ್ಯಾಯವಾದ ಬಾಡಿಗೆ 23,100 ರೂ. ಕ್ವಿಂಟಾಲಿಗೆ ಇದು ಐದೂವರೆ ರೂಪಾಯಿಗಿಂತ ತುಸು ಹೆಚ್ಚು. ಮೆಕ್ಕೆಜೋಳದ 2025-26ರ ಬೆಂಬಲ ಬೆಲೆ 2,400 ರೂ.ಗೆ ಹೋಲಿಸಿದರೆ ಕಾಲು ಶೇಕಡಾಕ್ಕೂ ಕಡಿಮೆ. ಅಡಿಕೆಯ ಮಟ್ಟಿಗೆ ಇದು ಲೆಕ್ಕಕ್ಕೇ ಬಾರದು. ಆದರೆ ಇಟ್ಟಿಗೆ, ಜಲ್ಲಿಯಂಥ ತೂಕ ಹೆಚ್ಚು ಬೆಲೆ ಕಡಿಮೆ ಇರುವ ಸರಕಿನಲ್ಲಿ ಬಾಡಿಗೆಯೇ ಬೆಲೆಯ ದೊಡ್ಡ ಭಾಗವಾದ್ದರಿಂದ ಡೀಸೆಲ್ಲಿನ ಏರಿಳಿತ ಅಲ್ಲಿ ನಿಜವಾಗಿಯೂ ಮುಖ್ಯವಾಗುತ್ತದೆ.

ಜಿಎಸ್‌ಟಿ ಹೊರಗಿನ ಹೊರೆ

2017ರ ಜುಲೈ 1ರಂದು ಜಿಎಸ್‌ಟಿ ಜಾರಿಯಾದಾಗ ಕಚ್ಚಾತೈಲ, ಪೆಟ್ರೋಲ್, ಡೀಸೆಲ್, ವಿಮಾನ ಇಂಧನ ಮತ್ತು ನೈಸರ್ಗಿಕ ಅನಿಲಗಳನ್ನು ಹೊರಗಿಡಲಾಯಿತು. ಇದರಿಂದಾಗಿ ಜನರೇಟರಿಗೆ ಡೀಸೆಲ್ ಕೊಳ್ಳುವ ಗಿರಣಿ ಮಾಲೀಕನಿಗೆ ಅದರ ಮೇಲಿನ ತೆರಿಗೆಗೆ ಇನ್‌ಪುಟ್ ಕ್ರೆಡಿಟ್ ದೊರೆಯದು. ಅಷ್ಟೂ ಅಸಲಿಗೆ ಸೇರುತ್ತದೆ. ಲೂಬ್ರಿಕೆಂಟ್ ಮತ್ತು ಫರ್ನೇಸ್ ಆಯಿಲ್ ಜಿಎಸ್‌ಟಿ ವ್ಯಾಪ್ತಿಯಲ್ಲಿರುವುದರಿಂದ, ಅವುಗಳ ಬಿಲ್ಲನ್ನು ಸರಿಯಾಗಿ ಪಡೆದು ಅರ್ಹ ಕ್ರೆಡಿಟ್ ತೆಗೆದುಕೊಳ್ಳುವುದನ್ನು ಸದಸ್ಯರು ಮರೆಯಬಾರದು.

ಅನುಸರಿಸಬಹುದಾದ ಕ್ರಮಗಳು

1. ಸಾಗಣೆದಾರರೊಡನೆ ಬರಹದ ಒಪ್ಪಂದ ಮಾಡಿಕೊಂಡು, ಆ ದಿನದ ಡೀಸೆಲ್ ದರವನ್ನು ಆಧಾರ ದರವೆಂದು ನಮೂದಿಸಿರಿ.

2. ಬಾಡಿಗೆಯಲ್ಲಿ ಇಂಧನದ ಪಾಲೆಷ್ಟೆಂದು ಮೊದಲೇ ಒಪ್ಪಿಕೊಳ್ಳಿರಿ. ಡೀಸೆಲ್ 2 ಅಥವಾ 3 ರೂ.ಗಿಂತ ಹೆಚ್ಚು ಬದಲಾದಾಗ ಮಾತ್ರ ಬಾಡಿಗೆ ಪರಿಷ್ಕರಣೆಯಾಗಲಿ.

3. ಈ ಷರತ್ತು ಏರಿಕೆಗೂ ಇಳಿಕೆಗೂ ಸಮಾನವಾಗಿ ಅನ್ವಯವಾಗಲಿ. ಏರಿಕೆಗೆ ಮಾತ್ರ ಅನ್ವಯಿಸುವ ಷರತ್ತು ಒಪ್ಪಂದವಲ್ಲ, ಹೇರಿಕೆ.

4. ಕಚ್ಚಾತೈಲದ ಸುದ್ದಿಯನ್ನು ನಂಬಿ ಮುಂಗಡ ದರ ಕೊಡಬೇಡಿರಿ. ಡಾಲರಿನ ದರ, ಕೇಂದ್ರದ ಸುಂಕ, ರಾಜ್ಯದ ತೆರಿಗೆ ಇವು ಮೂರನ್ನೂ ನೋಡಿ ನಿರ್ಧರಿಸಿರಿ.

ತೆರಿಗೆಯೇ ಬೇಡವೆಂದು ಯಾವ ವಿವೇಕಿ ವರ್ತಕನೂ ಹೇಳನು. ರಸ್ತೆಗಳೂ ಶಾಲೆಗಳೂ ಅದರಿಂದಲೇ ನಡೆಯಬೇಕು. ತೈಲ ಇಳಿದಾಗ ಸುಂಕ ಎಷ್ಟು ಏರುತ್ತದೆ, ತೈಲ ಏರಿದಾಗ ಅದು ಎಷ್ಟು ಇಳಿಯುತ್ತದೆ ಎಂಬ ನಿಯಮವನ್ನು ಮುಂಚಿತವಾಗಿ ಪ್ರಕಟಿಸಬೇಕೆಂಬುದೇ ವಾಣಿಜ್ಯ ಸಂಸ್ಥೆಗಳು ಮಂಡಿಸಬೇಕಾದ ಬೇಡಿಕೆ. ನಿಯಮ ತಿಳಿದಿದ್ದರೆ ವ್ಯಾಪಾರಿ ತನ್ನ ದರವನ್ನು ನಿಶ್ಚಿಂತೆಯಿಂದ ಬರೆಯಬಲ್ಲ. ಆದರೆ ಆ ಬೇಡಿಕೆಗೆ ಬಲ ಬರಬೇಕಾದರೆ ನಮ್ಮ ಬಾಡಿಗೆ ಪಟ್ಟಿಯೂ ಬೆಲೆ ಪಟ್ಟಿಯೂ ಎರಡೂ ದಿಕ್ಕಿಗೆ ಚಲಿಸುವಂತಿರಬೇಕು.