ಥರ್ಟಿ ಫಾರ್ಟಿ ಸೈಟಿನ ತ್ರಿಭುಜ

ತ್ರಿಭುಜದ ಸುತ್ತಳತೆ ಬೇಕೆಂದರೆ ಮೂರು ಬಾಹುಗಳನ್ನು ಕೂಡಿದರಾಯಿತು. ಹೇಳಿಕೊಡಲು ಒಂದು ನಿಮಿಷವೂ ಬೇಡ. ಕೂಡಬೇಕಾದ ಮೂರು ಬಾಹು ಯಾವುವು ಎಂದು ಮಕ್ಕಳ ಕಣ್ಣಿಗೆ ಕಾಣಿಸುವುದೇ ಕಷ್ಟ. ಮೈಸೂರಿನಲ್ಲಿ ಗಣಿತ ಹೇಳಿಕೊಡುತ್ತ ಬಂದ ನನಗೆ ಅದಕ್ಕೆ ದಾರಿ ಸಿಕ್ಕಿದ್ದು ನಮ್ಮ ಬಡಾವಣೆಗಳ ಸೈಟುಗಳಿಂದ.

ಈ ಊರಿನ ಮಕ್ಕಳಿಗೆ ‘ಥರ್ಟಿ ಫಾರ್ಟಿ’ ಎಂದರೆ ಬಿಡಿಸಿ ಹೇಳಬೇಕಿಲ್ಲ. ಕುವೆಂಪುನಗರವಿರಲಿ, ವಿಜಯನಗರವಿರಲಿ, ದೊಡ್ಡವರ ಮಾತಿನಲ್ಲಿ ಸದಾ ಕಿವಿಗೆ ಬೀಳುವ ಅಳತೆ ಅದು. 30 ಅಡಿ ಅಗಲ, 40 ಅಡಿ ಉದ್ದ. ಸುತ್ತ ಬೇಲಿ ಕಟ್ಟಿದರೆ ಒಂದು ಎಳೆಗೆ 140 ಅಡಿ ತಂತಿ. ಇಷ್ಟು ಎಲ್ಲರಿಗೂ ಬರುತ್ತದೆ. ಆಮೇಲೆ ಕೇಳುತ್ತೇನೆ: ‘ಅಣ್ಣ ತಮ್ಮ ಮೂಲೆಯಿಂದ ಮೂಲೆಗೆ ಗೆರೆ ಎಳೆದು ಈ ಸೈಟನ್ನು ಪಾಲು ಮಾಡಿಕೊಂಡರು. ಅಣ್ಣನ ಪಾಲಿಗೆ ಸುತ್ತ ಎಷ್ಟು ತಂತಿ ಬೇಕು?’

‘ಎಪ್ಪತ್ತು ಮಿಸ್!’ ಇಡೀ ತರಗತಿಯೇ ಕೂಗುತ್ತದೆ.

ಸರಿ ಎಂದೂ ಅನ್ನುವುದಿಲ್ಲ, ತಪ್ಪೆಂದೂ ಅನ್ನುವುದಿಲ್ಲ. ಆಟದ ಬಯಲಿಗೆ ಕರೆದೊಯ್ದು ಸುಣ್ಣದ ಪುಡಿಯಲ್ಲಿ ಸೈಟು ಬರೆದು, ಒಬ್ಬ ಹುಡುಗಿಯನ್ನು ಅಣ್ಣನ ಪಾಲಿನ ಅಂಚು ಹಿಡಿದು ನಡೆಯಲು ಬಿಡುತ್ತೇನೆ. 30 ಅಡಿ ನಡೆದು, ತಿರುಗಿ 40 ಅಡಿ ನಡೆಯುತ್ತಾಳೆ. ಎಪ್ಪತ್ತು ಮುಗಿಯಿತು, ಹೊರಟ ಜಾಗ ಇನ್ನೂ ಎದುರು ಮೂಲೆಯಲ್ಲೇ ಇದೆ. ಅಲ್ಲಿಗೆ ಟೇಪು ಹಿಡಿದರೆ 50 ಅಡಿ. ಒಟ್ಟು 120. ಜಾಗ 1200 ಚದರಡಿಯಿಂದ 600ಕ್ಕೆ ಇಳಿದರೂ ಬೇಲಿ ಉಳಿದದ್ದು ಬರೀ 20 ಅಡಿ! ಪಾಲಾಗುವ ತನಕ ಬೇಲಿಯನ್ನೇ ಕೇಳದಿದ್ದ ನಡುಗೆರೆ ಈಗ ಗಡಿಯಾಗಿದೆ. ಎಷ್ಟು ಸಲ ಬಾಯಲ್ಲಿ ಹೇಳಿದರೂ ಹಿಡಿಯದ ಈ ಸಂಗತಿ ಕಾಲಿಗೆ ಒಂದೇ ಸಲಕ್ಕೆ ತಿಳಿಯುತ್ತದೆ. ಹಾಗಾಗಿ ಸುತ್ತಳತೆಯ ಪಾಠವನ್ನು ಕರಿಹಲಗೆಯಿಂದ ಶುರು ಮಾಡುವುದನ್ನೇ ನಾನು ಬಿಟ್ಟಿದ್ದೇನೆ.

ಆ 50 ಸರಿಯಾಗಿ ಕೂತದ್ದು ಹೇಗೆ ಎಂಬುದನ್ನು ಗಾರೆ ಮೇಸ್ತ್ರಿಗಳನ್ನು ಕೇಳಬೇಕು. ಪಾಯಕ್ಕೆ ಮಾರ್ಕಿಂಗ್ ಮಾಡುವಾಗ ಒಂದು ದಾರದಲ್ಲಿ 3 ಅಡಿಗೆ, ಇನ್ನೊಂದರಲ್ಲಿ 4 ಅಡಿಗೆ ಗುರುತು ಮಾಡಿ, ಅವೆರಡರ ನಡುವೆ 5 ಅಡಿ ಬರುವವರೆಗೆ ದಾರ ಸರಿಸುತ್ತಾರೆ. ‘ಐದು ಬಂತು ಅಂದ್ರೆ ಮೂಲೆ ಕೂತಂಗೆ ಮೇಡಂ’ ಎಂದರು ಒಬ್ಬರು. ಥರ್ಟಿ ಫಾರ್ಟಿ ಸೈಟು ಆ ಲೆಕ್ಕದ ಹತ್ತರಷ್ಟು, ಅಷ್ಟೇ.

ಸುತ್ತಳತೆಯ ಅರ್ಧಕ್ಕೂ ಒಂದು ಕೆಲಸವಿದೆ. ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಮೂರು ಬಾಹುಗಳಿಂದಲೇ ಕ್ಷೇತ್ರಫಲ ತೆಗೆಯುವ ಕ್ರಮ ಹೇಳಿದ್ದಾರೆ. ನಮ್ಮ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕಿಯಾಗಿದ್ದ ಪದ್ಮಾವತಮ್ಮನವರು ಈ ಗ್ರಂಥವನ್ನು ಕನ್ನಡಕ್ಕೆ ತಂದಿದ್ದಾರೆ. ಗಣಿತ ಮೇಷ್ಟರುಗಳೆಲ್ಲ ಅದನ್ನು ಒಮ್ಮೆ ತಿರುವಿ ನೋಡಬೇಕೆಂದು ನನ್ನ ಆಸೆ. ಅಣ್ಣನ ಪಾಲಿಗೆ ಆ ಕ್ರಮ ಹಚ್ಚಿ: 120ರ ಅರ್ಧ 60. ಅದರಿಂದ ಒಂದೊಂದೇ ಬಾಹು ಕಳೆದರೆ 30, 20, 10. ಈ ನಾಲ್ಕನ್ನೂ ಗುಣಿಸಿದರೆ 3,60,000. ಅದರ ವರ್ಗಮೂಲ 600. ಚದರಡಿ ತಾಳೆಯಾಯಿತು! ಇದನ್ನು ಕಂಡ ಮಕ್ಕಳು ಬೇರೆ ಸೈಟುಗಳ ಬೆನ್ನು ಹತ್ತುತ್ತಾರೆ. 20–30ರ ಸೈಟಿನಲ್ಲಿ ನಡುಗೆರೆ 36 ಅಡಿಯ ಮೇಲೆ ಅರ್ಧ ಇಂಚಿಗಿಂತ ತುಸು ಹೆಚ್ಚು ಬರುತ್ತದೆ. ಟೇಪು ಸಡಿಲವಾಯಿತೇನೋ ಎಂದು ಮತ್ತೆ ಮತ್ತೆ ಎಳೆದು ಹಿಡಿಯುತ್ತಾರೆ. 20ರ ವರ್ಗಕ್ಕೆ 30ರ ವರ್ಗ ಕೂಡಿದರೆ ಬರುವ 1300ಕ್ಕೆ ಪೂರ್ಣ ವರ್ಗಮೂಲವಿಲ್ಲ ಎಂಬ ಮುಂದಿನ ಪಾಠವನ್ನು ಅಲ್ಲೇ, ಬಯಲಿನಲ್ಲೇ ಎತ್ತಿಕೊಳ್ಳುತ್ತೇನೆ.