ಸಾಮಾನ್ಯರ ವಂಶಚರಿತ್ರೆ: ಇಂಗ್ಲೆಂಡಿನ ಒಂದು ಒಕ್ಕೂಟದ ಪರಿಚಯ

ಚರಿತ್ರೆಯೆಂದೊಡನೆ ನಮಗೆ ನೆನಪಾಗುವುದು ಅರಸರು, ಯುದ್ಧಗಳು, ಒಪ್ಪಂದಗಳು. ನಾವು ಪರೀಕ್ಷೆಗಾಗಿ ಓದುವ ಪುಸ್ತಕಗಳಲ್ಲಿ ಹೊಲ ಉತ್ತವನ, ನೂಲು ತೆಗೆದವಳ, ಗಣಿಯಲ್ಲಿ ದುಡಿದವನ ಹೆಸರು ಸಿಗುವುದು ದುರ್ಲಭ. ಆದರೆ ಅರಸನಿಗೆ ಇದ್ದಂತೆ ಅವರಿಗೂ ತಾತ ಮುತ್ತಾತಂದಿರು ಇದ್ದರಷ್ಟೆ. ಅಂಥವರ ಚರಿತ್ರೆಯನ್ನು ಅವರ ಮೊಮ್ಮಕ್ಕಳೇ ಹುಡುಕಿ ಬರೆಯುವುದು ಸಾಧ್ಯವೇ? ಸಾಧ್ಯವೆಂಬುದಕ್ಕೆ ಇಂಗ್ಲೆಂಡು ಮತ್ತು ವೇಲ್ಸ್ ದೇಶಗಳ ಕುಟುಂಬ ಚರಿತ್ರೆ ಸಂಘಗಳೂ, ಅವುಗಳನ್ನು ಒಂದು ಸೂರಿನಡಿ ತಂದಿರುವ ಒಕ್ಕೂಟವೂ ಒಳ್ಳೆಯ ನಿದರ್ಶನಗಳಾಗಿವೆ.

ಮೊದಲು ಆಧಾರಗಳ ವಿಚಾರ. 1538ರಲ್ಲಿ ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ಲನು ಪ್ರತಿಯೊಂದು ಪ್ಯಾರಿಷ್ಷಿನಲ್ಲಿಯೂ, ಎಂದರೆ ಒಂದೊಂದು ಚರ್ಚಿಗೆ ಸೇರಿದ ಊರಿನಲ್ಲಿಯೂ, ಜ್ಞಾನಸ್ನಾನ, ಮದುವೆ, ಶವಸಂಸ್ಕಾರಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು ಆಜ್ಞೆ ಮಾಡಿದನು. 1837ರ ಜುಲೈ 1ರಿಂದ ಜನನ ಮರಣಗಳ ನೋಂದಣಿಯನ್ನು ಸರ್ಕಾರವೇ ಕೈಗೊಂಡಿತು. 1801ರಿಂದ ಹತ್ತು ವರ್ಷಕ್ಕೊಮ್ಮೆ ಜನಗಣತಿ ನಡೆಯಿತು. 1841ರ ಗಣತಿಯಿಂದ ಮೊದಲುಗೊಂಡು ಜನರ ಹೆಸರುಗಳೂ ಉಳಿದುಬಂದಿವೆ. ನೂರು ವರ್ಷ ಕಳೆದ ಮೇಲೆ ಗಣತಿಯ ಹಾಳೆಗಳನ್ನು ಯಾರು ಬೇಕಾದರೂ ನೋಡಬಹುದು. 1921ರ ಗಣತಿ 2022ರಲ್ಲಿ ಹೀಗೆ ಬಯಲಿಗೆ ಬಂದಿತು.

ಇವೆಲ್ಲಕ್ಕಿಂತಲೂ ವಿಚಾರಾರ್ಹವಾದುದು ಬಡವರ ಕಾಗದಗಳು. 1662ರ ಕಾನೂನಿನಂತೆ ಬಡವನನ್ನು ಸಾಕುವ ಹೊಣೆ ಅವನು ಸೇರಿದ ಪ್ಯಾರಿಷ್ಷಿನದು. ಆದುದರಿಂದ ಬೇರೆ ಊರಿನಿಂದ ಬಂದ ಬಡವನನ್ನು ನಿಲ್ಲಿಸಿ, ಎಲ್ಲಿ ಹುಟ್ಟಿದೆ, ಯಾರಲ್ಲಿ ಜೀತವಿದ್ದೆ, ಯಾರನ್ನು ಮದುವೆಯಾದೆ ಎಂದು ವಿಚಾರಿಸಿ ಬರೆದುಕೊಳ್ಳುತ್ತಿದ್ದರು. ತನ್ನ ಊರಿಗೆ ಖರ್ಚು ಬಂದೀತೆಂಬ ಭಯದಿಂದ ಬರೆದ ಈ ಹೇಳಿಕೆಗಳೇ ಇಂದು ಎಷ್ಟೋ ಕೂಲಿಕಾರರ ಏಕಮಾತ್ರ ಜೀವನಚರಿತ್ರೆಗಳಾಗಿ ಉಳಿದಿವೆ. ಬರೆದವರ ಉದ್ದೇಶ ಬೇರೆ, ಓದುವವರಿಗೆ ದೊರೆತ ಫಲ ಬೇರೆ.

ವಂಶಶೋಧನೆ ಬಹುಕಾಲ ಸಿರಿವಂತರ ಹವ್ಯಾಸವಾಗಿತ್ತು. 1911ರಲ್ಲಿ ಲಂಡನ್ನಿನಲ್ಲಿ ವಂಶಶಾಸ್ತ್ರಜ್ಞರ ಒಂದು ಸಂಘ ಹುಟ್ಟಿತು. ಆದರೆ ಕಾರ್ಖಾನೆಯ ಕೆಲಸಗಾರನೂ ಶಾಲೆಯ ಉಪಾಧ್ಯಾಯಿನಿಯೂ ಇದಕ್ಕೆ ಕೈಹಾಕಿದ್ದು ಸ್ಥಳೀಯ ಸಂಘಗಳು ಬೆಳೆದ ಮೇಲೆ. 1963ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಸ್ಥಾಪಿತವಾದ ಸಂಘ ಇವುಗಳಲ್ಲಿ ಮುಂಚಿನದು. ಒಂದೊಂದು ಸೀಮೆಯಲ್ಲಿಯೂ ಇಂಥ ಸಂಘಗಳು ತಲೆಯೆತ್ತಿದಾಗ ಒಂದು ತೊಡಕು ಕಾಣಿಸಿತು. ಮನುಷ್ಯನು ಒಂದೇ ಊರಿನಲ್ಲಿ ನಿಲ್ಲುವವನಲ್ಲ. ತಾತ ಯಾರ್ಕ್‌ಷೈರಿನ ರೈತ, ಮಗ ಲ್ಯಾಂಕಾಷೈರಿನ ಗಿರಣಿಯ ಆಳು, ಮೊಮ್ಮಗ ಲಂಡನ್ನಿನ ಗುಮಾಸ್ತ ಎಂದಾದರೆ ಯಾವ ಒಂದು ಸಂಘದಿಂದಲೂ ಆ ಮನೆತನದ ಕಥೆ ಪೂರ್ತಿಯಾಗದು. ಸಂಘಗಳು ಕೈಕೈ ಹಿಡಿಯಲೇಬೇಕಾಯಿತು. ಹೀಗೆ 1974ರಲ್ಲಿ ಕುಟುಂಬ ಚರಿತ್ರೆ ಸಂಘಗಳ ಒಕ್ಕೂಟವು ಜನ್ಮತಾಳಿತು. ಇತ್ತೀಚೆಗೆ ಅದು ‘ಫ್ಯಾಮಿಲಿ ಹಿಸ್ಟರಿ ಫೆಡರೇಷನ್’ ಎಂಬ ಚಿಕ್ಕ ಹೆಸರನ್ನು ತಳೆದಿದೆ. ನೂರಕ್ಕೂ ಹೆಚ್ಚು ಸಂಘಗಳು ಅದರಲ್ಲಿ ಸೇರಿವೆ.

ಒಕ್ಕೂಟವು ಸಂಘಗಳ ಮೇಲೆ ಅಧಿಕಾರ ನಡೆಸುವುದಿಲ್ಲ. ಪ್ರತಿ ಸಂಘವೂ ತನ್ನ ಸೀಮೆಯಲ್ಲಿ ಸ್ವತಂತ್ರ. ಒಂದು ಸಂಘದ ಶಕ್ತಿಗೆ ಮೀರಿದ ಕೆಲಸವೇ ಒಕ್ಕೂಟದ ಪಾಲಿನದು: ಕಲಿಯುವವರಿಗೆ ಕೈಪಿಡಿ ಅಚ್ಚುಹಾಕುವುದು, ಸಭೆ ಪ್ರದರ್ಶನಗಳಿಗೆ ಬೇಕಾದ ವಿಮೆಯನ್ನು ಎಲ್ಲರ ಪರವಾಗಿ ಏರ್ಪಡಿಸುವುದು, ಸಂಘಗಳ ಪತ್ರಿಕೆಗಳಲ್ಲಿ ಉತ್ತಮವಾದುದಕ್ಕೆ ಬಹುಮಾನ ಕೊಡುವುದು, ದಾಖಲೆಗಳು ಜನರಿಗೆ ದೊರೆಯುವಂತೆ ಸರ್ಕಾರದ ಮುಂದೆ ಮಾತನಾಡುವುದು.

ಇಂಥ ಕೂಡುಕೆಲಸದ ಫಲಗಳಲ್ಲಿ ಎರಡನ್ನು ಇಲ್ಲಿ ಹೇಳಬೇಕು. ಜ್ಞಾನಸ್ನಾನ ಮತ್ತು ಮದುವೆಗಳಿಗೆ ದೊಡ್ಡ ಸೂಚಿಗಳಿದ್ದುವು. ಸತ್ತವರ ವಿಚಾರದಲ್ಲಿ ಹಾಗಿರಲಿಲ್ಲ. ಯಾವ ಊರಿನ ಮಣ್ಣಿನಲ್ಲಿ ಯಾರು ಮಲಗಿದ್ದಾರೆಂದು ತಿಳಿಯುವುದು ಕಷ್ಟವಾಗಿತ್ತು. ಸಂಘಗಳ ಸದಸ್ಯರು ಚರ್ಚುಗಳ ಹಳೆಯ ಪುಸ್ತಕಗಳಿಂದ ಒಂದೊಂದೇ ಸಾಲನ್ನು ನಕಲುಮಾಡಿದರು. 2001ರಲ್ಲಿ ಒಕ್ಕೂಟವು ರಾಷ್ಟ್ರೀಯ ಶವಸಂಸ್ಕಾರ ಸೂಚಿಯನ್ನು ಹೊರತಂದಾಗ ಅದರಲ್ಲಿ 50 ಲಕ್ಷಕ್ಕೂ ಮೀರಿದ ನಮೂದುಗಳಿದ್ದುವು. 2010ರ ಮೂರನೆಯ ಆವೃತ್ತಿಯಲ್ಲಿ ಅವು 1 ಕೋಟಿ 80 ಲಕ್ಷವನ್ನು ದಾಟಿದುವು. ಇದಲ್ಲದೆ ಮಳೆ ಪಾಚಿಗಳಿಗೆ ಸವೆದುಹೋಗುತ್ತಿರುವ ಗೋರಿಕಲ್ಲುಗಳ ಬರಹವನ್ನು ಅಕ್ಷರ ಅಳಿಯುವ ಮುನ್ನವೇ ಬರೆದುಕೊಳ್ಳುವ ಕೆಲಸವೂ ಸಂಘಗಳಿಂದ ನಡೆದಿದೆ.

ಎರಡನೆಯದು 1881ರ ಜನಗಣತಿಯ ನಕಲು. ಇಂಗ್ಲೆಂಡು ವೇಲ್ಸ್‌ಗಳ ಸುಮಾರು 2 ಕೋಟಿ 60 ಲಕ್ಷ ಜನರ ಹೆಸರು, ವಯಸ್ಸು, ಕಸುಬು, ಹುಟ್ಟಿದ ಊರು ಇವನ್ನು ಸ್ವಯಂಸೇವಕರು ಮನೆಯಲ್ಲಿ ಕುಳಿತು ಬರೆದರು. ಒಬ್ಬರು ಬರೆದುದನ್ನು ಇನ್ನೊಬ್ಬರು ತಾಳೆ ನೋಡಿದರು. ಅಮೆರಿಕದ ಯೂಟಾ ವಂಶಶಾಸ್ತ್ರ ಸಂಘವೂ ಈ ಒಕ್ಕೂಟವೂ ಜೊತೆಗೂಡಿ ನಡೆಸಿದ ಈ ಕಾರ್ಯ 1990ರ ದಶಕದಲ್ಲಿ ಮುಗಿಯಿತು. ನಕಲು ಏತಕ್ಕೆಂದು ಕೇಳುವವರಿಗೆ 1931ರ ಗಣತಿಯೇ ಉತ್ತರ. ಅದರ ಹಾಳೆಗಳೆಲ್ಲ 1942ರ ಡಿಸೆಂಬರಿನಲ್ಲಿ ಬೆಂಕಿಗೆ ಆಹುತಿಯಾದುವು. 1941ರಲ್ಲಿ ಯುದ್ಧದ ಕಾರಣ ಗಣತಿಯೇ ನಡೆಯಲಿಲ್ಲ. ಒಂದೇ ಪ್ರತಿಯಿರುವ ದಾಖಲೆ ಒಂದೇ ಕಿಡಿಗೆ ಸಾಕು.

ಇಂದು ಸಂಘಗಳಿಗೆ ಕಷ್ಟಗಳೂ ಇಲ್ಲದಿಲ್ಲ. ಹಣ ತೆತ್ತರೆ ಕಂಪನಿಗಳು ಕಂಪ್ಯೂಟರಿನಲ್ಲಿಯೇ ದಾಖಲೆ ಒದಗಿಸುತ್ತವೆ. ಸಂಘಗಳಲ್ಲಿ ತರುಣರು ಕಡಮೆ. ಆದರೆ ಊರಿನ ಅಡ್ಡಹೆಸರು, ಹಳೆಯ ಕೈಬರಹದ ವಕ್ರತೆ, ಯಾವ ಹಳ್ಳಿಯವರು ಯಾವ ಚರ್ಚಿಗೆ ಹೋಗುತ್ತಿದ್ದರೆಂಬ ತಿಳಿವು, ಇವನ್ನು ಬಲ್ಲವನು ಆ ಊರಿನವನೇ. ಆ ತಿಳಿವಿಗೆ ಬೆಲೆ ಎಂದಿಗೂ ತಗ್ಗದು.

ಈ ಒಕ್ಕೂಟಕ್ಕೂ ನಮಗೂ ಒಂದು ನಂಟುಂಟು. 1998ರಲ್ಲಿ ಹುಟ್ಟಿದ ‘ಬ್ರಿಟಿಷ್ ಇಂಡಿಯಾದ ಕುಟುಂಬಗಳ ಸಂಘ’ವೂ ಅದರ ಒಬ್ಬ ಸದಸ್ಯ. ಬೆಂಗಳೂರು ದಂಡಿನ ಪ್ರದೇಶದ ಚರ್ಚುಗಳ ದಾಖಲೆಗಳ ಪ್ರತಿಗಳು ಮದರಾಸಿನ ಮೂಲಕ ಲಂಡನ್ನಿಗೆ ಹೋಗುತ್ತಿದ್ದುವು. ಅವು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಹೀಗಾಗಿ ಬೆಂಗಳೂರಿನಲ್ಲಿ ಹುಟ್ಟಿದ ಗೋರಾ ಸಿಪಾಯಿಯ ಮಗುವಿನ ಹೆಸರನ್ನು ಅದರ ವಂಶದವರು ಇಂದು ಹುಡುಕಿ ತೆಗೆಯಬಲ್ಲರು. ಆ ಸಿಪಾಯಿಯ ಕುದುರೆಗೆ ಹುಲ್ಲು ಹೊತ್ತವನ ಹೆಸರನ್ನು ಎಲ್ಲಿ ಹುಡುಕುವುದು?

ನಮ್ಮಲ್ಲಿ ಈ ಕೆಲಸವನ್ನು ಮಾಡಿಕೊಂಡು ಬಂದವರು ಇಲ್ಲದಿಲ್ಲ. ಎತ್ತನ್ನೇರಿ ಸುಗ್ಗಿಯ ಕಾಲಕ್ಕೆ ಊರಿಗೆ ಬಂದು, ಒಕ್ಕಲುಗಳ ಮನೆಯ ಮುಂದೆ ಅವರ ಹಿರಿಯರ ಹೆಸರುಗಳನ್ನು ತಲೆಮಾರುಗಳ ಕ್ರಮದಲ್ಲಿ ಹಾಡಿ, ಕಾಳು ಪಡೆದು ಹೋಗುವ ಹೆಳವರು ನಮ್ಮ ವಂಶಶಾಸ್ತ್ರಜ್ಞರು. ಕಾಗದದ ಆಧಾರವಾದರೋ ನಮ್ಮಲ್ಲಿ ವಿರಳ. 1948ರ ಜನಗಣತಿ ಕಾನೂನಿನಂತೆ ವ್ಯಕ್ತಿಗಳ ವಿವರ ಗೋಪ್ಯವಾದುದು. ಪಹಣಿಯಲ್ಲಿ ಭೂಮಿಯುಳ್ಳವನ ಹೆಸರು ಇರುತ್ತದೆ, ಭೂಮಿಯಿಲ್ಲದವನಿಗೆ ಪಹಣಿಯೆಲ್ಲಿ? ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನನ್ನ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿದೆ. ನನ್ನ ಮುತ್ತಾತನ ಹೆಸರು ಇರುವುದು ಅಜ್ಜಿಯ ನೆನಪಿನಲ್ಲಿ ಮಾತ್ರ. ಮುತ್ತಾತನ ತಾಯಿಯ ಹೆಸರು ಅಲ್ಲಿಯೂ ಇಲ್ಲ. ನನ್ನಂತಹ ಸಹಪಾಠಿಗಳು ಈ ಕಾಲೇಜಿನಲ್ಲಿ ಹಲವರಿದ್ದಾರೆಂದು ಬಲ್ಲೆ.

ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ. ಇಂಗ್ಲೆಂಡಿನವರು ಕೋಟಿಗಟ್ಟಲೆ ಹೆಸರುಗಳನ್ನು ಉಳಿಸಿದ್ದು ಒಂದೊಂದು ಸಾಲು ಬರೆದೇ ಹೊರತು ಬೇರೆ ಮಾಯೆಯಿಂದಲ್ಲ. ಮುಂದಿನ ರಜೆಯಲ್ಲಿ ನಾವು ಪ್ರತಿಯೊಬ್ಬರೂ ಮನೆಯ ಹಿರಿಯರ ಬಳಿ ಕುಳಿತು, ಗಂಡಸರ ಹೆಸರಿನೊಡನೆ ಹೆಂಗಸರ ಹೆಸರನ್ನೂ, ಅವರು ಹುಟ್ಟಿದ ಊರನ್ನೂ, ಮಾಡಿದ ಕಸುಬನ್ನೂ, ಹೇಳಿದವರು ಯಾರೆಂಬುದನ್ನೂ ಬರೆದಿಟ್ಟರೆ ಸಾಕು. ಒಂದು ತರಗತಿಯ ಅಂಥ ಪುಸ್ತಕಗಳು ಕೂಡಿದರೆ ಒಂದು ಸಂಘಕ್ಕೆ ಬುನಾದಿಯಾಗುತ್ತದೆ. ತಾಲ್ಲೂಕಿಗೊಂದು ಸಂಘವಾದರೆ ಒಕ್ಕೂಟ ತಾನಾಗಿ ಬರುತ್ತದೆ. ಒಕ್ಕೂಟಕ್ಕೆ ಕಾಲ ಕಾದೀತು. ಅಜ್ಜಿಯರಿಗೆ ಕಾಯುವುದಿಲ್ಲ.