ಹಿಂಗಾರಿನಲ್ಲಿ ರಸ್ತೆಗಿಳಿಯುವವರಿಗೆ ಒಂಬತ್ತು ಸೂತ್ರಗಳು

ಮುಂಗಾರಿನಲ್ಲಿ ಎಲ್ಲರೂ ಹುಷಾರು. ಜುಲೈಯಲ್ಲಿ ಶಿರಾಡಿ ಘಾಟಿ ಇಳಿಯುವವರು ಮಳೆ ಇದ್ದದ್ದೇ ಎಂದು ಸಿದ್ಧರಾಗಿಯೇ ಹೊರಟಿರುತ್ತಾರೆ. ಕೈಕೊಡುವುದು ಅಕ್ಟೋಬರ್, ನವೆಂಬರ್. ಬೆಳಿಗ್ಗೆ ಮಂಜು, ಮಧ್ಯಾಹ್ನ ಚುರುಗುಟ್ಟುವ ಬಿಸಿಲು, ನಾಲ್ಕಕ್ಕೆ ಗುಡುಗು, ಆರಕ್ಕೆ ಕತ್ತಲೆ. ದಸರಾ ರಜೆ, ತಲಕಾವೇರಿಯ ತೀರ್ಥೋದ್ಭವ, ಹಾಸನಾಂಬೆಯ ದರ್ಶನ, ದೀಪಾವಳಿ ಎಲ್ಲವೂ ಬರುವುದು ಇದೇ ಹೊತ್ತಿಗೆ.

1. ಹೊತ್ತು ನೋಡಿ ಹೊರಡಿ. ಉಳಿದ ಎಂಟನ್ನು ಮರೆತರೂ ಇದೊಂದನ್ನು ಮರೆಯಬೇಡಿ. ಮಲೆನಾಡಿನಲ್ಲಿ ಮಂಜು ಕರಗಲು ಎಂಟಾದರೂ ಆಗಬೇಕು. ನೆಲ ಕಾದು ಮೋಡ ಕಟ್ಟುವುದು ಸಾಮಾನ್ಯವಾಗಿ ಮಧ್ಯಾಹ್ನ ಮೂರರ ಮೇಲೆ. ನಡುವಿನ ಆರೇಳು ಗಂಟೆ ನಿಮ್ಮದು. ಎಂಟಕ್ಕೆ ಹೊರಟರೆ ಐದು ಗಂಟೆಯ ದಾರಿ ಊಟದ ಹೊತ್ತಿಗೆ ಮುಗಿಯುತ್ತದೆ. ‘ಟ್ರಾಫಿಕ್ ಇರಲ್ಲ’ ಎಂದು ಬೆಳಗಿನ ಜಾವ ಮೂರಕ್ಕೇ ಮನೆ ಬಿಡುವುದು ನಮ್ಮವರ ಚಟ. ನಿದ್ದೆಗೆಟ್ಟ ಕಣ್ಣಿಗೆ ಮಂಜೂ ಸೇರಿದರೆ ಉಳಿಸಿದ ಒಂದು ಗಂಟೆಯಿಂದ ಏನು ಬಂತು? ಸಂಜೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಜೂನ್ ಕೊನೆಯಲ್ಲಿ ಬೆಂಗಳೂರಿನಲ್ಲಿ 6.45ರ ನಂತರ ಮುಳುಗುವ ಸೂರ್ಯ ನವೆಂಬರಿನಲ್ಲಿ 5.50ರ ಸುಮಾರಿಗೇ ಮುಳುಗುತ್ತಾನೆ.

2. ಚಿತ್ತೆಯನ್ನು ನಂಬಬೇಡಿ. ಅಕ್ಟೋಬರ್ ಎರಡನೇ ವಾರದಿಂದ ಸುರಿಯುವ ಚಿತ್ತೆ ಮಳೆಗೆ ಹಿರಿಯರು ‘ಕುರುಡು ಚಿತ್ತೆ’ ಎಂದೇ ಹೆಸರಿಟ್ಟಿದ್ದಾರೆ. ಒಂದೂರಿನ ಕೆರೆ ಕೋಡಿ ಬಿದ್ದರೆ ಪಕ್ಕದೂರಿನಲ್ಲಿ ದೂಳು. ಆದ್ದರಿಂದ ಮನೆಯಂಗಳದ ಆಕಾಶ ನೋಡಿ ತೀರ್ಮಾನಿಸಬೇಡಿ. ಹೋಗುವ ಜಿಲ್ಲೆಗೆ ಹವಾಮಾನ ಇಲಾಖೆ ಯಾವ ಅಲರ್ಟ್ ಕೊಟ್ಟಿದೆ ನೋಡಿ. ಸಿಡಿಲಿನ ಮುನ್ಸೂಚನೆಗೆ ‘ದಾಮಿನಿ’ ಆ್ಯಪ್ ಇದೆ. ಗುಡುಗು ಕೇಳಿಸಿತೆಂದರೆ ಬೈಕ್ ಸವಾರರು ಮರದಡಿ ನಿಲ್ಲಬಾರದು, ಕಟ್ಟಡದೊಳಗೆ ಹೋಗಬೇಕು. ಗಾಜು ಏರಿಸಿದ ಕಾರಿನೊಳಗೆ ಇರುವವರಿಗೆ ಆ ಭಯವಿಲ್ಲ.

3. ಮಳೆಯ ಮೊದಲ ಹತ್ತು ನಿಮಿಷ ಬೈಕ್ ನಿಲ್ಲಿಸಿ. ವಾರಗಟ್ಟಲೆ ಒಣಗಿದ ಡಾಂಬರಿನ ಮೇಲೆ ಎಣ್ಣೆ, ದೂಳು, ಟೈರಿನ ಪುಡಿ ಕೂತಿರುತ್ತವೆ. ನಾಲ್ಕು ಹನಿ ಬಿದ್ದರೆ ಅದೆಲ್ಲ ಕಲಸಿ ಜಾರುತ್ತದೆ. ಜೋರು ಮಳೆ ತೊಳೆದ ಮೇಲೆ ರಸ್ತೆ ಎಷ್ಟೋ ವಾಸಿ. ಜೀಬ್ರಾ ಪಟ್ಟೆ, ಮ್ಯಾನ್‌ಹೋಲ್ ಮುಚ್ಚಳಗಳ ಮೇಲೆ ಬ್ರೇಕ್ ಹಿಡಿಯಬೇಡಿ.

4. ಹರಿಯುವ ನೀರಿಗೆ ಇಳಿಯಬೇಡಿ. ಮೊಣಕಾಲಿಗೂ ಬಾರದ, ಬರೀ 30 ಸೆಂ.ಮೀ. ಆಳದ ರಭಸದ ನೀರು ಸಣ್ಣ ಕಾರನ್ನು ತೇಲಿಸಬಲ್ಲದು. ‘ಮುಂದಿನ ಬಸ್ಸು ಹೋಯಿತಲ್ಲ’ ಎನ್ನಬೇಡಿ. ಬಸ್ಸಿನ ತೂಕವೇ ಬೇರೆ. ಅಂಡರ್‌ಪಾಸ್‌ನಲ್ಲಿ ನಿಂತ ನೀರೂ ಅಷ್ಟೇ ಅಪಾಯ. 2023ರ ಮೇ ತಿಂಗಳಲ್ಲಿ ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ಕಾರು ಮುಳುಗಿ ಯುವತಿಯೊಬ್ಬರು ಪ್ರಾಣ ಕಳೆದುಕೊಂಡರು.

5. ಮಂಜಿನಲ್ಲಿ ಡಿಮ್ ಹಾಕಿ. ಹೈಬೀಮ್ ಬೆಳಕು ಮಂಜಿನ ಹನಿಗಳಿಗೆ ತಾಗಿ ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಗಂಟೆಗೆ 80 ಕಿ.ಮೀ. ಎಂದರೆ ಸೆಕೆಂಡಿಗೆ 22 ಮೀಟರ್. ಮೂವತ್ತು ಮೀಟರ್ ಮಾತ್ರ ಕಾಣುವಾಗ ಆ ವೇಗದಲ್ಲಿದ್ದರೆ, ಕಾಲು ಬ್ರೇಕ್ ಮುಟ್ಟುವಷ್ಟರಲ್ಲಿ ಕಂಡಷ್ಟು ದಾರಿ ಮುಗಿದಿರುತ್ತದೆ. ಎಡ ಅಂಚಿನ ಬಿಳಿ ಗೆರೆ ಹಿಡಿದು ಸಾಗಿ. ನಾಲ್ಕೂ ಇಂಡಿಕೇಟರ್ ಮಿನುಗಿಸುತ್ತಾ ಓಡಿಸಬೇಡಿ, ನೀವು ಎತ್ತ ತಿರುಗುತ್ತೀರೆಂದು ಹಿಂದಿನವರಿಗೆ ತಿಳಿಯುವುದಿಲ್ಲ. ಅದೇನಿದ್ದರೂ ಗಾಡಿ ನಿಂತಾಗ. ನಿಲ್ಲುವುದಾದರೆ ರಸ್ತೆ ಬಿಟ್ಟು ಪೂರ್ತಿ ಕೆಳಗಿಳಿದು ನಿಲ್ಲಿ. ತೀರ್ಥೋದ್ಭವದ ಮುಹೂರ್ತ ಕೆಲವು ವರ್ಷ ನಡುರಾತ್ರಿಗೂ ಬರುತ್ತದೆ. ಅಂಥ ವರ್ಷ ಸಂಜೆ ಬೆಳಕಿರುವಾಗಲೇ ಭಾಗಮಂಡಲ ಸೇರಿಕೊಳ್ಳುವುದು ಜಾಣತನ.

6. ರಸ್ತೆಯೇ ಕಣ ಎಂದು ತಿಳಿದು ಓಡಿಸಿ. ಈ ಮಾತನ್ನು ಡ್ರೈವಿಂಗ್ ಸ್ಕೂಲಿನಲ್ಲಿ ಯಾರೂ ಹೇಳಿಕೊಡುವುದಿಲ್ಲ. ದಾವಣಗೆರೆ, ಹಾವೇರಿ ಕಡೆ ಮೆಕ್ಕೆಜೋಳ ಒಣಗುವುದು ಅರ್ಧ ರಸ್ತೆಯ ಮೇಲೆ. ಕಾಳು ತುಳಿಯದಿರಲೆಂದು ಸುತ್ತ ಕಲ್ಲು ಇಟ್ಟಿರುತ್ತಾರೆ; ಎಷ್ಟೋ ಸಲ ರಾಶಿ ಎತ್ತಿದ ಮೇಲೂ ಕಲ್ಲು ಅಲ್ಲೇ ಉಳಿದು ರಾತ್ರಿ ಬೈಕಿಗೆ ಕಾದಿರುತ್ತವೆ. ಹಳೇ ಮೈಸೂರು ಕಡೆ ಸ್ವಲ್ಪ ತಡವಾಗಿ ರಾಗಿ, ಹುರುಳಿ ಒಕ್ಕಣೆ ಶುರು. ಒಣ ಹುರುಳಿ ಬಳ್ಳಿ ಕಾರಿನಡಿ ಸುತ್ತಿಕೊಂಡು, ಸೈಲೆನ್ಸರ್ ಬಿಸಿಗೆ ಬೆಂಕಿ ಹೊತ್ತಿದ್ದೂ ಉಂಟು. ಕಣವಿಲ್ಲದ ರೈತನನ್ನು ಬೈದು ಫಲವಿಲ್ಲ, ಒಕ್ಕಣೆ ಕಣ ಕಟ್ಟಿಸಿಕೊಡದವರನ್ನು ಕೇಳಬೇಕು. ಬೆಳಗಾವಿ, ಬಾಗಲಕೋಟೆ, ಮಂಡ್ಯದಲ್ಲಾದರೆ ಕಬ್ಬಿನ ಟ್ರ್ಯಾಕ್ಟರ್‌ಗಳು. ಎರಡೆರಡು ಟ್ರೇಲರ್, ಅಗಲ ಮೀರಿ ಚಾಚಿದ ಜಲ್ಲೆ, ಹಿಂದೆ ಕೆಂಪು ದೀಪವಿಲ್ಲ, ರಿಫ್ಲೆಕ್ಟರೂ ಇಲ್ಲ. ಕತ್ತಲಾದ ಮೇಲೆ ಆ ಜಿಲ್ಲೆಗಳಲ್ಲಿ ವೇಗ ಇಳಿಸಿ. ಎದುರಿನ ಹೆಡ್‌ಲೈಟ್ ಕಣ್ಣು ಕುಕ್ಕಿದಾಗ ಅದರ ಪಕ್ಕದಲ್ಲೊಂದು ಕಬ್ಬಿನ ಗಾಡಿ ನಿಂತಿದೆ ಎಂದೇ ಭಾವಿಸಿ.

7. ಘಾಟಿಯನ್ನು ಗೇರಿನಲ್ಲಿ ಇಳಿಯಿರಿ. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ನ್ಯೂಟ್ರಲ್ ಬೇಡ. ಹತ್ತುವ ಗಾಡಿಗೆ ದಾರಿ ಬಿಡಿ. ಚಾರ್ಮಾಡಿಯ ತಿರುವಿನಲ್ಲಿ ಸೆಲ್ಫಿ ಖಂಡಿತ ಬೇಡ.

8. ಟೈರು, ವೈಪರ್ ನೋಡಿಕೊಳ್ಳಿ. ಕಾರಿನ ಟೈರಿನ ಗೆರೆ 1.6 ಮಿ.ಮೀ.ಗಿಂತ ಸವೆದಿರಬಾರದೆಂದು ನಿಯಮವೇ ಇದೆ. ಮುಂಗಾರು ತಿಂದ ವೈಪರ್ ರಬ್ಬರ್ ಬದಲಿಸುವ ಕಾಲವೂ ಇದೇ.

9. ಗಾಯಾಳುವನ್ನು ಬಿಟ್ಟು ಹೋಗಬೇಡಿ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಮು ನೆರವಿಗೆ ನಿಂತವರಿಗೆ ರಕ್ಷಣೆ ಕೊಟ್ಟಿದೆ. ನಿಮ್ಮ ಹೆಸರು, ವಿಳಾಸ ಹೇಳಲೇಬೇಕೆಂದು ಪೊಲೀಸರೂ ಒತ್ತಾಯಿಸುವಂತಿಲ್ಲ, ಆಸ್ಪತ್ರೆಯವರೂ ಒತ್ತಾಯಿಸುವಂತಿಲ್ಲ. ವಿಡಿಯೊ ಮಾಡಲು ಎತ್ತಿದ ಅದೇ ಫೋನಿನಲ್ಲಿ 112 ಒತ್ತಿ. ರಾಷ್ಟ್ರೀಯ ಹೆದ್ದಾರಿಯಾದರೆ 1033.